ಹೇಳದೆ ಹೋದ ಬಾಡಿಗೆದಾರನೂ ಉಳಿದುಹೋದ ಮುಂಗಡ ಹಣವೂ

ಗೃಹಸ್ಥನ ಧರ್ಮವು ಬಸದಿಯ ಗರ್ಭಗೃಹದ ಮುಂದೆ ಮಾತ್ರ ಪರೀಕ್ಷೆಗೆ ಒಳಗಾಗುವುದಿಲ್ಲ. ಅಂಗಡಿಯ ತಕ್ಕಡಿ, ಲೆಕ್ಕದ ಪುಸ್ತಕ, ಸಾಲದ ಪತ್ರ, ಮನೆಯ ಬಾಡಿಗೆ ಇವುಗಳ ಮುಂದೆಯೇ ಅದರ ನಿಜವಾದ ಪರೀಕ್ಷೆ ನಡೆಯುತ್ತದೆ. ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ದೂರದ ಮಹಾಪಾಪಗಳನ್ನು ಬಿಟ್ಟು, ನಿತ್ಯದ ವ್ಯವಹಾರದಲ್ಲಿ ಸಜ್ಜನನೂ ಜಾರಿ ಬೀಳಬಹುದಾದ ಸಣ್ಣ ಸಣ್ಣ ಇಳಿಜಾರುಗಳನ್ನೇ ಗುರುತಿಸಿರುವುದು ಇದಕ್ಕಾಗಿಯೇ. ಅಂಥ ಇಳಿಜಾರುಗಳಲ್ಲಿ ಒಂದು, ಬಾಡಿಗೆದಾರನು ಮುಂಚಿತವಾಗಿ ತಿಳಿಸದೆ ಮನೆ ಖಾಲಿ ಮಾಡಿ ಹೋದಾಗ ಎದುರಾಗುತ್ತದೆ.

ಜೈನ ಕುಟುಂಬಗಳಲ್ಲಿ ಒಂದೆರಡು ಮನೆಗಳನ್ನು ಬಾಡಿಗೆಗೆ ಕೊಟ್ಟವರು ಅನೇಕರಿದ್ದಾರೆ. ಬಸದಿಗಳ ಟ್ರಸ್ಟುಗಳಿಗೂ ದಾನಿಗಳು ಬಿಟ್ಟುಹೋದ ಮನೆ ಮಳಿಗೆಗಳ ಬಾಡಿಗೆಯೇ ನಿತ್ಯಪೂಜೆಗೆ, ಜೀರ್ಣೋದ್ಧಾರಕ್ಕೆ, ವಿದ್ಯಾರ್ಥಿಗಳ ನೆರವಿಗೆ ಆಧಾರ. ಇಂಥಲ್ಲಿ ಒಂದು ತಿಂಗಳ ಮೊದಲು ತಿಳಿಸುತ್ತೇನೆಂದು ಒಪ್ಪಿ ಬಂದ ಬಾಡಿಗೆದಾರನು ಎರಡು ದಿನದ ಮುನ್ಸೂಚನೆಯಲ್ಲಿ, ಕೆಲವೊಮ್ಮೆ ಅದೂ ಇಲ್ಲದೆ, ಸಾಮಾನು ಸಾಗಿಸಿಕೊಂಡು ಹೋಗುತ್ತಾನೆ. ಬೀಗದ ಕೈ ಪಕ್ಕದ ಮನೆಯವರ ಹತ್ತಿರ ಇರುತ್ತದೆ. ಮುಂಗಡ ಹಣ ಮಾಲೀಕನ ಹತ್ತಿರ ಉಳಿದಿರುತ್ತದೆ. ತಪ್ಪು ಮಾಡಿದವನು ಬಾಡಿಗೆದಾರ. ಹಣ ಇರುವುದು ಮಾಲೀಕನ ಕೈಯಲ್ಲಿ. ಧರ್ಮಸಂಕಟ ಹುಟ್ಟುವುದು ಈ ಎರಡು ಸಂಗತಿಗಳು ಒಟ್ಟಿಗೆ ಸೇರುವಲ್ಲಿ. ಎದುರಿಗಿರುವವನು ನಿಷ್ಕಳಂಕನಾಗಿದ್ದರೆ ಅವನ ಹಣಕ್ಕೆ ಕೈ ಹಾಕಲು ಯಾವ ಶ್ರಾವಕನ ಮನಸ್ಸೂ ಒಪ್ಪದು. ಅವನೇ ತಪ್ಪಿತಸ್ಥನಾದಾಗ ಮಾತ್ರ ಲೋಭವು ನ್ಯಾಯದ ವೇಷವನ್ನು ಧರಿಸಿ ಬರುತ್ತದೆ.

ಮೊದಲಿಗೆ ಬಾಡಿಗೆದಾರನ ತಪ್ಪನ್ನು ತಪ್ಪೆಂದೇ ಒಪ್ಪಬೇಕು. ಕೊಟ್ಟ ಮಾತನ್ನು ಮುರಿದದ್ದು ಸತ್ಯಕ್ಕೆ ಬಂದ ಚ್ಯುತಿ. ಅದರಿಂದ ಮನೆ ಕೆಲವು ದಿನ ಖಾಲಿ ಉಳಿಯುತ್ತದೆ. ಆ ಬಾಡಿಗೆಯನ್ನೇ ನಂಬಿದ ವಿಧವೆಯೊಬ್ಬಳ ಮನೆಯ ಖರ್ಚು ಅಥವಾ ಬಸದಿಯೊಂದರ ಅರ್ಚಕರ ಸಂಬಳ ತಡವಾಗುತ್ತದೆ. ಒಮ್ಮೆ ಪೆಟ್ಟು ತಿಂದ ಮಾಲೀಕನು ಮುಂದಿನವನಿಂದ ಹೆಚ್ಚು ಮುಂಗಡ ಕೇಳುತ್ತಾನೆ, ಅಪರಿಚಿತರಿಗೆ ಮನೆ ಕೊಡಲು ಹಿಂಜರಿಯುತ್ತಾನೆ. ಹೀಗೆ ಒಬ್ಬನ ಅಜಾಗರೂಕತೆಯ ಬೆಲೆಯನ್ನು ಅವನನ್ನು ಎಂದೂ ಕಾಣದ ಬಡವನೊಬ್ಬನು ತೆರಬೇಕಾಗುತ್ತದೆ. ಆದ್ದರಿಂದ ಕರುಣೆಯ ಹೆಸರಿನಲ್ಲಿ ಈ ತಪ್ಪನ್ನು ಇಲ್ಲವೆನ್ನುವುದು ಸರಿಯಲ್ಲ. ಅದನ್ನು ಅವನಿಗೆ ತಿಳಿಸುವುದು, ಉಂಟಾದ ನಷ್ಟವನ್ನು ಅವನಿಂದ ಪಡೆಯುವುದು ಅಧರ್ಮವಲ್ಲ.

ಆದರೆ ನಷ್ಟವೆಂದರೆ ಎಷ್ಟು? ಇಲ್ಲಿ ನಾಡಿನ ಕಾನೂನು ಹೇಳುವುದನ್ನು ಅರಿತಿರುವುದು ಒಳಿತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 106ನೆಯ ಕಲಮಿನಂತೆ, ಬೇರೆ ಕರಾರು ಅಥವಾ ರೂಢಿ ಇಲ್ಲದಿದ್ದಲ್ಲಿ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದು. ಮಾಲೀಕನಾಗಲಿ ಬಾಡಿಗೆದಾರನಾಗಲಿ ಅದನ್ನು ಮುಗಿಸಲು 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಕರಾರಿನಲ್ಲಿ ಒಂದು ತಿಂಗಳು ಎಂದಿದ್ದರೆ ಒಂದು ತಿಂಗಳು. ಇನ್ನು ಆ ಕರಾರು ಮುರಿದುದಕ್ಕೆ ಪರಿಹಾರ ಎಷ್ಟೆಂಬುದನ್ನು 1872ರ ಭಾರತೀಯ ಕರಾರು ಕಾಯಿದೆ ಹೇಳುತ್ತದೆ. ಅದರ 73ನೆಯ ಕಲಮಿನಂತೆ ಪರಿಹಾರವು ಕರಾರು ಮುರಿದುದರಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಸಲ್ಲುತ್ತದೆ. ಆ ನಷ್ಟವನ್ನು ಅಳೆಯುವಾಗ ಅದನ್ನು ತಗ್ಗಿಸಿಕೊಳ್ಳಲು ಇದ್ದ ಮಾರ್ಗಗಳನ್ನೂ ಗಣಿಸಬೇಕು. 74ನೆಯ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಕರಾರಿನಲ್ಲಿ ದಂಡದ ಮೊತ್ತವನ್ನು ಬರೆದಿದ್ದರೂ ಅದು ಮೇಲಿನ ಮಿತಿಯೇ ಹೊರತು ತಾನಾಗಿ ಸಿಗುವ ಹಕ್ಕಲ್ಲ, ಆ ಮಿತಿಯೊಳಗೆ ನ್ಯಾಯವೆನಿಸಿದಷ್ಟೇ ಸಲ್ಲುತ್ತದೆ. 1963ರಲ್ಲಿ ಫತೇಚಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ಸ್ಪಷ್ಟಪಡಿಸಿತು.

ಒಂದು ಕಲ್ಪಿತ ಉದಾಹರಣೆಯಿಂದ ವಿಷಯ ತಿಳಿಯಾಗುತ್ತದೆ. ಬಸದಿಯ ಟ್ರಸ್ಟಿಗೆ ಸೇರಿದ ಮನೆಯೊಂದರ ಬಾಡಿಗೆ ತಿಂಗಳಿಗೆ 9,000 ರೂಪಾಯಿ. ಮುಂಗಡ ಹತ್ತು ತಿಂಗಳಿನದು, ಅಂದರೆ 90,000 ರೂಪಾಯಿ. ಒಂದು ತಿಂಗಳ ನೋಟೀಸಿನ ಕರಾರಿದೆ. ಬಾಡಿಗೆದಾರನು ಜೂನ್ ತಿಂಗಳ ಬಾಡಿಗೆಯನ್ನು ಕೊಟ್ಟು, 28ರಂದು ತಿಳಿಸಿ, 30ರಂದು ಹೊರಟುಹೋದನು. ಅರ್ಧ ತಿಂಗಳು ಕಳೆದ ಮೇಲೆ ಹೊಸ ಬಾಡಿಗೆದಾರ ಬಂದನು. ಖಾಲಿ ಉಳಿದ ಅರ್ಧ ತಿಂಗಳಿಗೆ 4,500. ಬಾಕಿ ಇದ್ದ ವಿದ್ಯುತ್ ಮತ್ತು ನೀರಿನ ಹಣ 1,350. ಒಡೆದ ಕಿಟಕಿಯ ಗಾಜು ಮತ್ತು ಮುರಿದ ನಲ್ಲಿಗೆ 1,800. ಒಟ್ಟು 7,650 ರೂಪಾಯಿ. ಹಿಂತಿರುಗಿಸಬೇಕಾದದ್ದು 82,350.

ಆದರೆ ಅದೇ ಟ್ರಸ್ಟಿನ ಸಭೆಯಲ್ಲಿ ಬೇರೊಂದು ಲೆಕ್ಕವೂ ಹುಟ್ಟಬಹುದು. ನೋಟೀಸು ಕೊಡದ್ದಕ್ಕೆ ಪೂರ್ತಿ ತಿಂಗಳ ಬಾಡಿಗೆ 9,000, ಮನೆಗೆಲ್ಲ ಹೊಸ ಬಣ್ಣ 28,000, ಶುಚಿಗೊಳಿಸಲು 5,000, ಉಳಿದದ್ದನ್ನು ಅವನು ಬಂದು ಕೇಳಿದಾಗ ನೋಡಿಕೊಳ್ಳೋಣ. ಈ ಲೆಕ್ಕದ ಒಂದೊಂದು ಸಾಲನ್ನೂ ಪರೀಕ್ಷಿಸಬೇಕು. ಹೊಸಬನು ಬಂದು ಬಾಡಿಗೆ ಕೊಡತೊಡಗಿದ ಮೇಲೆ ಅದೇ ದಿನಗಳಿಗೆ ಹಳಬನಿಂದಲೂ ಬಾಡಿಗೆ ಪಡೆದರೆ ಒಂದೇ ಮನೆಗೆ ಎರಡು ಬಾಡಿಗೆ ಪಡೆದಂತಾಯಿತು. ಐದು ವರ್ಷದ ಹಿಂದೆ ಬಳಿದ ಬಣ್ಣ ಮಾಸಿದ್ದು ವಾಸದ ಸಹಜ ಸವೆತ. ಬಾಡಿಗೆದಾರನು ಮನೆಯನ್ನು ಒಳ್ಳೆಯ ಸ್ಥಿತಿಯಲ್ಲಿ ಒಪ್ಪಿಸಬೇಕೆನ್ನುವ 108ನೆಯ ಕಲಮು ಕೂಡ ಸಹಜ ಸವೆತವನ್ನು ಅವನ ಹೊಣೆಯಿಂದ ಹೊರಗಿಟ್ಟಿದೆ. ಹೆಚ್ಚಿನ ಬಾಡಿಗೆಯ ಆಸೆಯಿಂದ ಬಂದ ಗಿರಾಕಿಯನ್ನು ಹಿಂದೆ ಕಳುಹಿಸಿ ಮನೆಯನ್ನು ಇನ್ನೆರಡು ತಿಂಗಳು ಖಾಲಿ ಇಟ್ಟಿದ್ದರೆ ಆ ನಷ್ಟ ಮಾಲೀಕನ ಆಸೆಯದೇ ಹೊರತು ಹೋದವನ ತಪ್ಪಿನದಲ್ಲ. ಪ್ರಾಣಿಯ ಮೇಲೆ ಹೊರಲಾರದ ಹೊರೆ ಹೇರುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ ಎಂದು ಹೆಸರಿಸಲಾಗಿದೆ. ಎತ್ತಿನ ಬೆನ್ನಿಗೆ ಅನ್ವಯಿಸುವ ಆ ವಿವೇಕ ಮನುಷ್ಯನ ಲೆಕ್ಕಕ್ಕೆ ಅನ್ವಯಿಸದೆ ಹೋಗಬಾರದು.

ಉಳಿದ ಕೊನೆಯ ಸಾಲು, ‘ಅವನು ಬಂದು ಕೇಳಿದಾಗ ನೋಡಿಕೊಳ್ಳೋಣ’ ಎಂಬುದು, ಎಲ್ಲಕ್ಕಿಂತ ಹೆಚ್ಚು ಅಪಾಯಕಾರಿ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿಕೆಯಿಂದ ಒಪ್ಪಿಸಿದ ಇಡುಗಂಟು. ಅದನ್ನು ದೋಚುವುದು ಕಳ್ಳತನವಲ್ಲವೇ, ಅಚೌರ್ಯದ ಅತಿಚಾರಗಳಲ್ಲಿ ಸೇರಬೇಕಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟಿರುವ ವಿವರಣೆ ಈ ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ಅಷ್ಟೇ ಎಂದು ಒಪ್ಪಿಬಿಡುತ್ತಾನೆ. ಇಲ್ಲಿ ಯಾರೂ ಯಾರ ಮನೆಗೂ ಕನ್ನ ಹಾಕಲಿಲ್ಲ. ಪಾಪ ನಡೆದದ್ದು ಒಂದು ‘ಹೌದು’ ಎಂಬ ಮಾತಿನಲ್ಲಿ, ಮತ್ತೊಬ್ಬನ ಮರೆವಿಗೆ ಕೊಟ್ಟ ಸಮ್ಮತಿಯಲ್ಲಿ. ಆದ್ದರಿಂದಲೇ ಅದು ಸತ್ಯದ ಅತಿಚಾರ.

ಹೇಳದೆ ಹೋದ ಬಾಡಿಗೆದಾರನ ಸ್ಥಿತಿ ಇದಕ್ಕೆ ಬಹಳ ಸಮೀಪದ್ದು. ಅವನು ಮರೆತಿಲ್ಲ, ಆದರೆ ನಾಚಿಕೆಯಿಂದಲೋ ಭಯದಿಂದಲೋ ಕೇಳಲಾರ. ತಾನು ತಪ್ಪು ಮಾಡಿದ್ದೇನೆ, ಹೋದರೆ ಬೈಗುಳ ಕೇಳಬೇಕಾದೀತು ಎಂದು ಹಿಂಜರಿಯುತ್ತಾನೆ. ಕೊನೆಗೆ ಬಂದು ‘ಅರ್ಧವಾದರೂ ಕೊಡಿ’ ಎನ್ನುತ್ತಾನೆ. ಆಗ ಅರ್ಧ ಕೊಟ್ಟು, ಉದಾರವಾಗಿ ನಡೆದುಕೊಂಡೆವೆಂದು ತೃಪ್ತಿಪಡುವುದು ಸುಲಭ. ಮರೆವಿನ ಲಾಭ ಪಡೆಯುವುದು ಅತಿಚಾರವಾದರೆ ನಾಚಿಕೆಯ ಲಾಭ ಪಡೆಯುವುದು ಹೇಗೆ ನಿರ್ದೋಷವಾದೀತು? ಸಲ್ಲಬೇಕಾದ ನಷ್ಟವನ್ನು ಕಳೆದು ಉಳಿದದ್ದೆಲ್ಲವೂ ಅವನದೇ. ಅವನು ಕೇಳಿದರೂ ಅವನದು, ಕೇಳದಿದ್ದರೂ ಅವನದು.

ಕಾಲಮಿತಿಯ ಮಾತೂ ಇಲ್ಲಿ ಬರುತ್ತದೆ. 1963ರ ಕಾಲಮಿತಿ ಕಾಯಿದೆಯಂತೆ ಬಾಡಿಗೆಯ ಬಾಕಿಗೆ ದಾವೆ ಹೂಡಲು ಮೂರು ವರ್ಷಗಳ ಅವಧಿ. ಇಂಥ ಬೇರೆ ಹಣದ ದಾವೆಗಳಿಗೂ ಸಾಮಾನ್ಯವಾಗಿ ಅಷ್ಟೇ. ಆ ಅವಧಿ ಕಳೆದರೆ ನ್ಯಾಯಾಲಯದ ಬಾಗಿಲು ಮುಚ್ಚುತ್ತದೆಯೇ ಹೊರತು ಋಣವು ಸಾಯುವುದಿಲ್ಲವೆಂದು ಕಾನೂನು ಬಲ್ಲವರೇ ಹೇಳುತ್ತಾರೆ. ಕರ್ಮಸಿದ್ಧಾಂತವನ್ನು ನಂಬುವವನಿಗೆ ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಟ್ರಸ್ಟಿನ ಹಿರಿಯರು ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎತ್ತಬಹುದು. ‘ಸ್ವಂತ ಹಣವಾದರೆ ಬಿಟ್ಟುಕೊಡಬಹುದಿತ್ತು. ಇದು ದೇವರ ಹಣ. ಇದರಲ್ಲಿ ಒಂದು ರೂಪಾಯಿಯನ್ನೂ ಬಿಡಲು ನಮಗೆ ಅಧಿಕಾರವಿಲ್ಲ.’ ಈ ಮಾತಿನಲ್ಲಿ ಸತ್ಯವಿದೆ. ಶ್ರವಣಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟೇಶ್ವರನ ಅಭಿಷೇಕದ ಹಾಲಿಗಾಗಿ ಭಕ್ತರು ಇಡುಗಂಟಾಗಿ ಕೊಟ್ಟ ಗದ್ಯಾಣಗಳ ದಾಖಲೆಗಳಿವೆ. ಆ ಹಣದ ಬಡ್ಡಿಯಿಂದ ಹಾಲು ಸಲ್ಲಬೇಕಾಗಿತ್ತು. ಬೇರೆ ಯಾವ ಒಳ್ಳೆಯ ಕಾರ್ಯಕ್ಕೂ ಅದನ್ನು ತಿರುಗಿಸುವಂತಿರಲಿಲ್ಲ. ಕೊಟ್ಟವನ ಸಂಕಲ್ಪಕ್ಕೆ ಕಟ್ಟುಬಿದ್ದು ಹಣವನ್ನು ಕಾಯುವ ಈ ನಿಷ್ಠೆ ನಮ್ಮ ಸಂಸ್ಥೆಗಳ ಬೆನ್ನೆಲುಬು. ಟ್ರಸ್ಟಿಯು ತನ್ನ ಕರುಣೆಯ ಖರ್ಚನ್ನು ಬಸದಿಯ ಪೆಟ್ಟಿಗೆಯಿಂದ ತುಂಬಲಾರ.

ಆದರೆ ಆಕ್ಷೇಪವು ಒಂದು ಸಂಗತಿಯನ್ನು ಮರೆಯುತ್ತದೆ. ಮುಂಗಡ ಹಣವು ದೇವರ ಹಣವಲ್ಲ. ಅದು ದೇವರ ಪೆಟ್ಟಿಗೆಯಲ್ಲಿರುವ ಬಾಡಿಗೆದಾರನ ಹಣ. ಅದರಲ್ಲಿ ನಿಜವಾದ ನಷ್ಟಕ್ಕೆ ಸಲ್ಲುವ 7,650 ರೂಪಾಯಿ ಮಾತ್ರ ಬಸದಿಯದು. ಅದನ್ನು ಟ್ರಸ್ಟಿಗಳು ಸಂಕೋಚವಿಲ್ಲದೆ ಪಡೆಯಬೇಕು. ಉಳಿದ 82,350 ರೂಪಾಯಿಯನ್ನು ಕೊಡುವುದು ಔದಾರ್ಯವಲ್ಲ, ಆದ್ದರಿಂದ ಅದಕ್ಕೆ ಯಾವ ವಿಶೇಷ ಅಧಿಕಾರವೂ ಬೇಕಾಗಿಲ್ಲ. ಇಡುಗಂಟನ್ನು ಕಾಯುವ ನಿಷ್ಠೆ ಭಕ್ತನ ಗದ್ಯಾಣಕ್ಕೆ ಸಲ್ಲುವಂತೆ ಅನ್ಯಮತದ ಬಾಡಿಗೆದಾರನ ಮುಂಗಡಕ್ಕೂ ಸಲ್ಲಬೇಕು. ಅನ್ಯಾಯದಿಂದ ಉಳಿಸಿಕೊಂಡ ಹಣದಲ್ಲಿ ತಂದ ಹಾಲಿನಿಂದ ಜಿನಬಿಂಬಕ್ಕೆ ಅಭಿಷೇಕ ನಡೆದರೆ ಅದರ ಪುಣ್ಯ ಯಾರಿಗೆ?

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಜಾರುವಿಕೆ ಇದೆ. ಬಾಡಿಗೆದಾರನ ಪತ್ತೆಯಿಲ್ಲದೆ ಒಂದೆರಡು ವರ್ಷ ಕಳೆದ ಮೇಲೆ ಆ ಮೊತ್ತವನ್ನು ಲೆಕ್ಕದಲ್ಲಿ ‘ಕಾಣಿಕೆ’ ಎಂದೋ ‘ಇತರೆ ಆದಾಯ’ ಎಂದೋ ಬರೆದುಬಿಡುವುದು. ಕೊಡದವನನ್ನು ಕೊಟ್ಟವನೆಂದು ಬರೆದ ಆ ಒಂದು ಸಾಲು ಕೂಟಲೇಖಕ್ರಿಯೆಯೇ. ಸತ್ಯಾಣುವ್ರತದ ಅತಿಚಾರಗಳ ಸಾಲಿನಲ್ಲಿ ನ್ಯಾಸಾಪಹಾರದ ಪಕ್ಕದಲ್ಲೇ ಅದರ ಸ್ಥಾನ. ಕೊನೆಯದಾಗಿ ತಿಳಿದ ವಿಳಾಸಕ್ಕೆ, ಕರಾರಿಗೆ ಸಾಕ್ಷಿ ಹಾಕಿದವರಿಗೆ, ಊರಿನ ಬಂಧುಗಳಿಗೆ ಪತ್ರ ಬರೆದು, ಆ ಪ್ರತಿಗಳನ್ನು ಇಟ್ಟುಕೊಂಡು, ಹಣವನ್ನು ಅವನ ಹೆಸರಿನಲ್ಲೇ ಬೇರೆ ಖಾತೆಯಲ್ಲಿ ತೋರಿಸುತ್ತಿರುವುದು ಸರಿಯಾದ ಮಾರ್ಗ. ಪ್ರತಿವರ್ಷದ ಲೆಕ್ಕಪತ್ರದಲ್ಲಿ ಆ ಹೆಸರು ಕಾಣುತ್ತಿದ್ದರೆ ಸಭೆಗೆ ಕಿರಿಕಿರಿಯಾಗಬಹುದು. ಆ ಕಿರಿಕಿರಿಯೂ ಒಂದು ಕಾವಲೇ.

ಹಣದಷ್ಟೇ ಮುಖ್ಯವಾದದ್ದು ಮನೆಯೊಳಗೆ ಉಳಿದ ವಸ್ತುಗಳ ಪ್ರಶ್ನೆ. ಅವಸರದಲ್ಲಿ ಹೋದವನ ಮನೆಯಲ್ಲಿ ಹೊಲಿಗೆ ಯಂತ್ರ, ಮಕ್ಕಳ ಅಂಕಪಟ್ಟಿಗಳ ಕಡತ, ಔಷಧಿಯ ಚೀಟಿಗಳು ಉಳಿದಿರಬಹುದು. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ ಇಟ್ಟದ್ದು, ಬಿದ್ದದ್ದು, ಮರೆತದ್ದು ಈ ಮೂರನ್ನೂ ಹೆಸರಿಸಿ, ಕೊಡದ ಹೊರತು ಅವನ್ನು ತಾನೂ ತೆಗೆದುಕೊಳ್ಳಬಾರದು, ಇನ್ನೊಬ್ಬನಿಗೂ ಕೊಡಬಾರದು ಎನ್ನುತ್ತಾರೆ. ಎರಡನೆಯ ಮಾತು ವಿಶೇಷವಾಗಿ ಗಮನಾರ್ಹ. ಬಾಡಿಗೆದಾರನ ಹಳೆಯ ಮಂಚವನ್ನು ಬಡವನಿಗೆ ಕೊಟ್ಟರೆ ದಾನವಾಯಿತಲ್ಲ ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಪಟ್ಟಿ ಮಾಡಿ, ಒಂದು ಮೂಲೆಯಲ್ಲಿ ಜೋಪಾನವಾಗಿಟ್ಟು, ತಿಳಿಸುವುದೇ ಕರ್ತವ್ಯ. ದುಡಿಮೆಯ ಉಪಕರಣವನ್ನೂ ಮಕ್ಕಳ ಶಾಲೆಯ ಕಾಗದವನ್ನೂ ಬಾಕಿಗೆ ಒತ್ತೆಯಾಗಿ ಹಿಡಿಯುವುದು ಅನ್ನಪಾನವನ್ನು ತಡೆದಂತೆಯೇ.

ಬೀಗ ಒಡೆಯುವ ವಿಚಾರದಲ್ಲೂ ಅವಸರ ಸಲ್ಲದು. ಬಾಡಿಗೆದಾರನು ಬೀಗದ ಕೈ ಕೊಟ್ಟು ಮಾಲೀಕನು ಸ್ವೀಕರಿಸಿದರೆ ಅದು ಬಿಟ್ಟುಕೊಟ್ಟಂತೆ. ಬೀಗ ಹಾಕಿಕೊಂಡು ಕಾಣದಾದವನು ಆಸ್ಪತ್ರೆಯಲ್ಲಿರಬಹುದು, ಊರಿನಲ್ಲಿ ಸಾವಿನ ಮನೆಯಲ್ಲಿರಬಹುದು. ಕಾನೂನಿನ ಕ್ರಮವಿಲ್ಲದೆ ಸ್ವಾಧೀನ ತಪ್ಪಿಸಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಂತೆ ಅವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಪತ್ರ ಬರೆದು ಕಾಯುವ ತಾಳ್ಮೆ ಇಲ್ಲಿ ಧರ್ಮವೂ ಹೌದು, ವ್ಯವಹಾರಜ್ಞಾನವೂ ಹೌದು.

ಇನ್ನು ಮುಂಗಡವೇ ಸಾಲದಷ್ಟು ಬಾಕಿ ಉಳಿಸಿ ಹೋದವನ ವಿಷಯ. ಅವನಿಂದ ಹಣ ಕೇಳುವುದು, ವಕೀಲರ ಮೂಲಕ ನೋಟೀಸು ಕಳುಹಿಸುವುದು, ಅಗತ್ಯವಾದರೆ ನ್ಯಾಯಾಲಯಕ್ಕೆ ಹೋಗುವುದು ಎಲ್ಲವೂ ಶ್ರಾವಕನಿಗೆ ಸಲ್ಲುವ ಮಾರ್ಗಗಳೇ. ಸಲ್ಲದಿರುವುದು ಅವಮಾನದ ಮಾರ್ಗ. ಮನೆಯ ಮಾಲೀಕನಿಗೆ ಬಾಡಿಗೆದಾರನ ಮನೆಯ ಗುಟ್ಟುಗಳು ತಿಳಿದಿರುತ್ತವೆ: ಗಂಡಹೆಂಡಿರ ಜಗಳ, ಬಾಗಿಲಿಗೆ ಬರುವ ಸಾಲಗಾರರು, ಕುಡಿತ, ಕಾಯಿಲೆ. ಸಿಟ್ಟಿನಲ್ಲಿ ಅವನ್ನೆಲ್ಲ ನೆರೆಹೊರೆಗೆ ಹೇಳುವುದು, ಇಂದಿನ ದಿನಗಳಲ್ಲಿ ಅವನ ಭಾವಚಿತ್ರವನ್ನು ವಾಟ್ಸಾಪ್ ಗುಂಪುಗಳಿಗೆ ಹಂಚುವುದು ರಹೋಭ್ಯಾಖ್ಯಾನವೆಂಬ ಅತಿಚಾರದ ಹೊಸ ರೂಪ. ಒಂದೇ ಸೂರಿನ ಕೆಳಗೆ ಕಂಡದ್ದನ್ನು ಸೂರಿನ ಆಚೆಗೆ ಒಯ್ಯದಿರುವುದೂ ಒಂದು ನ್ಯಾಸದ ರಕ್ಷಣೆ.

ತತ್ತ್ವಾರ್ಥಸೂತ್ರದ ಅದೇ ಅಧ್ಯಾಯವು ನಾಲ್ಕು ಭಾವನೆಗಳನ್ನು ಹೇಳುತ್ತದೆ: ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿಗಳಲ್ಲಿ ಕಾರುಣ್ಯ, ಅವಿನೀತರಲ್ಲಿ ಮಾಧ್ಯಸ್ಥ್ಯ. ಹೇಳದೆ ಹೋದವನು ಈ ವಿಂಗಡಣೆಯಲ್ಲಿ ಎಲ್ಲಿ ನಿಲ್ಲುತ್ತಾನೆ? ಕೆಲಸ ಕಳೆದುಕೊಂಡು, ಮುಂದಿನ ಬಾಡಿಗೆ ಕೊಡಲಾರದೆ, ಮುಖ ತೋರಿಸಲಾರದೆ ಹೋದವನು ದುಃಖಿ. ಉಪೇಕ್ಷೆಯಿಂದ, ಸೊಕ್ಕಿನಿಂದ ಹೋದವನು ಅವಿನೀತ. ಖಾಲಿ ಮನೆಯ ಬಾಗಿಲಲ್ಲಿ ನಿಂತ ಮಾಲೀಕನಿಗೆ ಇವೆರಡರಲ್ಲಿ ಯಾವುದೆಂದು ಕೂಡಲೇ ತಿಳಿಯುವುದಿಲ್ಲ. ತಿಳಿಯುವ ತನಕ ನಿರ್ಣಯವನ್ನು ತಡೆಹಿಡಿಯುವುದೇ ಅನೇಕಾಂತದ ವ್ಯಾವಹಾರಿಕ ರೂಪ. ತಿಳಿದ ಮೇಲೂ ಅವಿನೀತನಿಗೆ ಸಲ್ಲುವುದು ಮಾಧ್ಯಸ್ಥ್ಯವೇ ಹೊರತು ಪ್ರತೀಕಾರವಲ್ಲ. ಸಲ್ಲಬೇಕಾದಷ್ಟು ಪಡೆಯುವುದು, ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯದಿರುವುದು, ಇದೇ ಲೆಕ್ಕದ ಭಾಷೆಯಲ್ಲಿ ಮಾಧ್ಯಸ್ಥ್ಯ. ದುಃಖಿಯ ವಿಷಯದಲ್ಲಿ ಸ್ವಂತ ಮನೆಯ ಮಾಲೀಕನು ಸಲ್ಲಬೇಕಾದದ್ದನ್ನೂ ಬಿಟ್ಟುಕೊಡಬಹುದು. ಬಸದಿಯ ಟ್ರಸ್ಟಿಗೆ ಆ ಮನಸ್ಸು ಬಂದರೆ ಆ 7,650 ರೂಪಾಯಿಯನ್ನು ಸದಸ್ಯರು ತಮ್ಮ ಕೈಯಿಂದ ತುಂಬಿಕೊಡಬಹುದು. ಆಗ ಬಸದಿಗೂ ನಷ್ಟವಿಲ್ಲ, ಕಾರುಣ್ಯಕ್ಕೂ ಕೊರತೆಯಿಲ್ಲ.

ಈ ವಿಚಾರದ ಮತ್ತೊಂದು ಮುಖವನ್ನೂ ಮರೆಯುವಂತಿಲ್ಲ. ಮಾಲೀಕರ ಮನೆಗಳ ಮಕ್ಕಳೇ ಇಂದು ಓದಿಗೆ, ಉದ್ಯೋಗಕ್ಕೆಂದು ಬೆಂಗಳೂರು, ಪುಣೆ, ಮುಂಬಯಿಗಳಲ್ಲಿ ಬಾಡಿಗೆದಾರರಾಗಿದ್ದಾರೆ. ಹೊಸ ಕೆಲಸದ ಕರೆ ಬಂದೊಡನೆ ಗಂಟುಮೂಟೆ ಕಟ್ಟುವ ಮೊದಲು ಒಂದು ಪತ್ರ ಬರೆದು ತಿಳಿಸುವುದು, ಉಳಿದ ದಿನಗಳ ಬಾಡಿಗೆ ಕೊಡುವುದು, ಆಗದಿದ್ದರೆ ಆಗದೆಂದು ಮುಖ ತೋರಿಸಿ ಹೇಳುವುದು ಅವರಿಗೂ ವ್ರತವೇ. ಮಾಲೀಕನಾಗಿ ಕಠಿಣನಾಗಿರುವ ತಂದೆಯೇ ಬಾಡಿಗೆದಾರನಾದ ಮಗನ ಪರವಾಗಿ ವಾದಿಸುವಾಗ ಬೇರೆ ಅಳತೆಗೋಲನ್ನು ಹಿಡಿಯಬಾರದು. ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಒಂದು ತಕ್ಕಡಿ ಕೊಳ್ಳುವಾಗ ಇನ್ನೊಂದು ತಕ್ಕಡಿ, ಧಾನ್ಯದ ಅಂಗಡಿಗೆ ಮಾತ್ರ ಸೀಮಿತವಾದ ದೋಷವಲ್ಲ.

2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಯ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ಮನೆ ಒಪ್ಪಿಸಿಕೊಳ್ಳುವಾಗಲೇ ಸಲ್ಲುವ ಬಾಕಿಯನ್ನು ಕಳೆದು ಹಣ ಮರಳಿಸಬೇಕೆನ್ನುತ್ತದೆ. ಅದು ರಾಜ್ಯಗಳ ಮುಂದಿಟ್ಟ ಮಾದರಿಯಾದ್ದರಿಂದ ರಾಜ್ಯ ಒಪ್ಪಿದಲ್ಲಿ ಮಾತ್ರ ಜಾರಿಗೆ ಬರುವಂಥದು. ಆದರೆ ಒಳ್ಳೆಯ ನಿಯಮವನ್ನು ಪಾಲಿಸಲು ಸರಕಾರದ ಆಜ್ಞೆಗಾಗಿ ಕಾಯಬೇಕಾದದ್ದಿಲ್ಲ. ಕರಾರಿನಲ್ಲಿ ನೋಟೀಸಿನ ಅವಧಿಯನ್ನು ಸ್ಪಷ್ಟವಾಗಿ ಬರೆಯುವುದು, ಮನೆ ಕೊಡುವಾಗ ಅದರ ಸ್ಥಿತಿಯನ್ನು ಇಬ್ಬರೂ ನೋಡಿ ಸಹಿ ಮಾಡುವುದು, ಮುಂಗಡವನ್ನು ಖರ್ಚಿಗೆ ಬಳಸದೆ ಬೇರೆಯಾಗಿ ಇಡುವುದು ಇವಿಷ್ಟು ಮಾಡಿದರೆ ಅರ್ಧ ಕಲಹಗಳು ಹುಟ್ಟುವುದೇ ಇಲ್ಲ.

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿಯಂದು ಎಲ್ಲರೂ ಪರಸ್ಪರ ಕ್ಷಮೆ ಕೇಳುತ್ತಾರೆ. ಆ ದಿನಕ್ಕೆ ಮುಂಚೆ ಪ್ರತಿಯೊಂದು ಟ್ರಸ್ಟೂ ಪ್ರತಿಯೊಬ್ಬ ಮಾಲೀಕನೂ ಮುಂಗಡ ಹಣದ ಖಾತೆಯನ್ನು ಒಮ್ಮೆ ತೆರೆದು ನೋಡುವ ಪದ್ಧತಿ ಬೆಳೆದರೆ ಒಳ್ಳೆಯದು. ಮನೆ ಬಿಟ್ಟುಹೋದವರ ಹೆಸರು ಅಲ್ಲಿ ಇನ್ನೂ ಉಳಿದಿದ್ದರೆ, ಕ್ಷಮೆಯ ಮಾತಿಗಿಂತ ಮೊದಲು ಅವರಿಗೆ ತಲುಪಬೇಕಾದದ್ದು ಲೆಕ್ಕದ ಚೀಟಿ ಮತ್ತು ಉಳಿದ ಹಣ.